ತಾರಸಿ ಮೇಲೆ 40 ಮೀಟರ್ ಇನ್ವರ್ಟೆಡ್ ವೀ: ತಂತಿಗಿಂತ ಕೇಬಲ್‌ದೇ ಕಾಟ

ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಎಚ್‌ಎಫ್‌ಗೆ, ಅಂದರೆ 3ರಿಂದ 30 ಮೆಗಾಹರ್ಟ್ಸ್‌ಗೆ, ಮೊದಲ ಆಂಟೆನಾ ಯಾವುದು ಕಟ್ಟಬೇಕು ಅನ್ನುವವರಿಗೆ ನನ್ನ ಉತ್ತರ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನ ಇನ್ವರ್ಟೆಡ್ ವೀ, ಅಂದರೆ ತಲೆಕೆಳಗಾದ V ಆಕಾರದ ತಂತಿ ಆಂಟೆನಾ. ನಡುವೆ ಒಂದೇ ಎತ್ತರದ ಕಂಬ ಸಾಕು, ಎರಡು ತುದಿಗಳನ್ನು ಪ್ಯಾರಪೆಟ್‌ನಿಂದಲೋ ಮರದಿಂದಲೋ ಹಗ್ಗ ಹಾಕಿ ಎಳೆದು ಕಟ್ಟಬಹುದು. ಅದೇ ತಂತಿ 15 ಮೀಟರ್ ಬ್ಯಾಂಡಿನಲ್ಲೂ ಸುಮಾರಾಗಿ ಕೆಲಸ ಮಾಡುತ್ತದೆ, ಏಕೆಂದರೆ 21 ಮೆಗಾಹರ್ಟ್ಸ್ ಅಂದರೆ 7ರ ಮೂರು ಪಟ್ಟು.

ಲೆಕ್ಕ ಸರಳ. 142.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ಗಳಲ್ಲಿ ಬರುತ್ತದೆ. 7.1ಕ್ಕೆ 20.07 ಮೀಟರ್, ಅಂದರೆ ಒಂದು ತೋಳಿಗೆ ಸುಮಾರು 10 ಮೀಟರ್. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿ.ಮೀ. ಬಹುಎಳೆ ತಾಮ್ರದ ತಂತಿ ಸಾಕು, ಪಿವಿಸಿ ಹೊದಿಕೆ ಸುಲಿಯಬೇಕಿಲ್ಲ. ಆ ಹೊದಿಕೆಯಿಂದ ಉದ್ದ ಶೇ. 2ರಿಂದ 4ರಷ್ಟು ಕಡಿಮೆ ಸಾಕಾಗುತ್ತದೆ. ಹಾಗೆಂದು ಮೊದಲೇ ಕತ್ತರಿಸಬೇಡಿ. ತೋಳಿಗೆ 10.4 ಮೀಟರ್ ಇಟ್ಟುಕೊಳ್ಳಿ.

ಎರಡು ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗಬಾರದು, 110–120 ಇದ್ದರೆ ಒಳ್ಳೆಯದು. ತುದಿಗಳು ಯಾರ ಕೈಗೂ ಸಿಗದಂತೆ ಕನಿಷ್ಠ 3 ಮೀಟರ್ ಮೇಲಿರಲಿ. 100 ವ್ಯಾಟ್ ಬಿಟ್ಟಾಗ ತುದಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ಕಂಬವಾಗಲಿ ತಂತಿಯಾಗಲಿ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ಲೈನಿಗೆ ತಾಗದ ಜಾಗ ಹುಡುಕಿ. ಅಂಥ ಜಾಗ ಇಲ್ಲವೆಂದರೆ ಆ ತಾರಸಿಯ ಮೇಲೆ ಈ ಆಂಟೆನಾ ಬೇಡ.

ಟ್ಯೂನಿಂಗ್ ಮಾಡಬೇಕಾದದ್ದು ಕೊನೆಗೆ ಇರುವ ಎತ್ತರದಲ್ಲೇ. ಕಾಂಕ್ರೀಟಿನೊಳಗಿನ ಕಂಬಿ, ತಗಡಿನ ಶೀಟು ಹತ್ತಿರವಿದ್ದರೆ ರೆಸೊನೆನ್ಸ್ (ಆಂಟೆನಾ ಚೆನ್ನಾಗಿ ಹೊಂದಿಕೊಳ್ಳುವ ಆವರ್ತನ) ಜಾರುತ್ತದೆ, ಹಾಗಾಗಿ ಕೆಳಗೆ ಅಳೆದ ಅಂಕಿ ಮೇಲೆ ನಿಲ್ಲುವುದಿಲ್ಲ. ಈ ಬ್ಯಾಂಡಿನಲ್ಲಿ 10 ಕಿಲೋಹರ್ಟ್ಸ್ ಮೇಲಕ್ಕೆ ಹೋಗಬೇಕೆಂದರೆ ಪ್ರತಿ ತೋಳಿನಿಂದ ಸುಮಾರು 1.4 ಸೆಂ.ಮೀ. ಕಡಿಮೆ ಮಾಡಬೇಕು. ಎಸ್‌ಡಬ್ಲ್ಯೂಆರ್‌ನ (ಪವರ್ ಎಷ್ಟು ಹಿಂದಕ್ಕೆ ಬರುತ್ತಿದೆ ಎಂದು ತೋರಿಸುವ ಅನುಪಾತ) ತಗ್ಗು 6.9ರಲ್ಲಿ ಕಂಡರೆ 7.1ಕ್ಕೆ ತರಲು ತೋಳಿಗೆ 28 ಸೆಂ.ಮೀ. ಕತ್ತರಿಸುವ ಬದಲು ತುದಿಯನ್ನು ಇನ್ಸುಲೇಟರ್ ಮೂಲಕ ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿ. ಹೆಚ್ಚಾಯಿತು ಅನಿಸಿದರೆ ಬಿಚ್ಚಬಹುದು.

ಇಷ್ಟರವರೆಗೆ ಸಾಮಾನ್ಯವಾಗಿ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಎಡವುವುದು ಕೇಬಲ್‌ನಲ್ಲಿ. ಎರಡು ಸಮಾನ ತೋಳಿನ ಇಂಥ ಆಂಟೆನಾ, ಅಂದರೆ ಡೈಪೋಲ್, ಸಮತೋಲಿತ; ನಡುವೆ ತಂತಿ, ಸುತ್ತ ಹೆಣೆದ ಬ್ರೇಡ್ ಇರುವ ಕೋಆಕ್ಸ್ ಕೇಬಲ್ ಅಲ್ಲ. ಎರಡನ್ನೂ ನೇರವಾಗಿ ಸೇರಿಸಿದರೆ ಬ್ರೇಡಿನ ಹೊರಮೈ ಮೇಲೆ ಕರೆಂಟ್ ಹರಿದು ಕೇಬಲ್ಲೇ ಆಂಟೆನಾದ ಮೂರನೇ ತೋಳಾಗುತ್ತದೆ. ಲಕ್ಷಣ ಗುರುತಿಸುವುದು ಸುಲಭ: ರೇಡಿಯೊ ಮುಟ್ಟಿದಾಗ ಅಥವಾ ಒಂದೆರಡು ಮೀಟರ್ ಕೇಬಲ್ ಹೆಚ್ಚಿಸಿದಾಗ ಎಸ್‌ಡಬ್ಲ್ಯೂಆರ್ ಬದಲಾಗುತ್ತದೆ, ಮೈಕ್ ತುಟಿಗೆ ಚುರ್ ಅನ್ನುತ್ತದೆ. ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗದ್ದಲವೂ ಇದೇ ದಾರಿಯಲ್ಲಿ ರಿಸೀವರ್‌ಗೆ ಬರುತ್ತದೆ. ಪರಿಹಾರ ಚೋಕ್, ಅಂದರೆ ಆ ಹೊರಮೈ ಕರೆಂಟನ್ನು ತಡೆಯುವ ಸುರುಳಿ. 31 ಅಥವಾ 43 ಮಿಕ್ಸ್‌ನ (ಫೆರೈಟ್ ವಸ್ತುವಿನ ನಮೂನೆ), 2.4 ಇಂಚು ಹೊರವ್ಯಾಸದ ಫೆರೈಟ್ ಉಂಗುರಕ್ಕೆ ಆರ್‌ಜಿ-58 ಎಂಬ ತೆಳು ಕೋಆಕ್ಸ್ ಕೇಬಲ್ಲನ್ನು 10–12 ಸುತ್ತು ಹಾಕಿ ಫೀಡ್ ಪಾಯಿಂಟಿನಲ್ಲೇ (ಕೇಬಲ್ ಆಂಟೆನಾಗೆ ಸೇರುವ ಜಾಗ) ಕಟ್ಟಿ. ಎಷ್ಟೋ ಜನ ದುಬಾರಿ ಟ್ಯೂನರ್ ಕೊಳ್ಳುತ್ತಾರೆ, ಈ ಉಂಗುರ ಮಾತ್ರ ಬಿಡುತ್ತಾರೆ.

ಎರಡನೆಯ ಶತ್ರು ನೀರು. ಕೇಬಲ್ ತುದಿಗೆ ಹಾಕುವ ಪಿಎಲ್-259 ಕನೆಕ್ಟರ್ ಮಳೆಗೆ ಮಾಡಿದ್ದಲ್ಲ. ಅದರ ಮೇಲೆ ಸೆಲ್ಫ್ ಅಮಾಲ್ಗಮೇಟಿಂಗ್ (ಪದರಗಳು ತಾವೇ ಬೆಸೆದುಕೊಳ್ಳುವ) ಟೇಪನ್ನು ಎಳೆದು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಆಗ ಪದರಗಳು ಹೆಂಚಿನಂತೆ ನೀರು ಜಾರಿಸುತ್ತವೆ. ಬಿಸಿಲು ತಡೆಯಲು ಅದರ ಮೇಲೊಂದು ಸುತ್ತು ಇನ್ಸುಲೇಷನ್ ಟೇಪ್. ಬರೀ ಇನ್ಸುಲೇಷನ್ ಟೇಪ್ ಬಿಸಿಲಿಗೆ ಅಂಟು ಬಿಟ್ಟುಕೊಳ್ಳುತ್ತದೆ. ಕೇಬಲ್ ಮನೆಯೊಳಗೆ ಹೋಗುವ ಮುನ್ನ ಒಂದು ಯು ಆಕಾರದ ಬಳುಕು ಬಿಡಿ, ಹನಿ ಅಲ್ಲಿಂದ ಕೆಳಗೆ ಬೀಳುತ್ತದೆ.

ಮಳೆ ಬರುವಾಗ ರೆಸೊನೆನ್ಸ್ ಸ್ವಲ್ಪ ಕೆಳಗಿಳಿದು, ಒಣಗಿದ ಮೇಲೆ ವಾಪಸ್ ಬಂದರೆ ಚಿಂತೆಯಿಲ್ಲ. ಒಣಗಿದರೂ ಮರಳದಿದ್ದರೆ ಕೇಬಲ್ಲಿನೊಳಗೆ ನೀರು ಹೋಗಿದೆ ಎಂದುಕೊಳ್ಳಿ. ಇಲ್ಲೊಂದು ಮೋಸವಿದೆ. ನೀರು ಕುಡಿದ ಕೇಬಲ್ ಪವರ್ ನುಂಗುತ್ತದೆ, ಹಿಂದಕ್ಕೆ ಬರುವ ಅಲೆಯನ್ನೂ ನುಂಗುತ್ತದೆ, ಆದ್ದರಿಂದ ಶ್ಯಾಕ್‌ನಲ್ಲಿ (ರೇಡಿಯೊ ಕೋಣೆ) ಮೀಟರ್ ಮೊದಲಿಗಿಂತ ಚೆನ್ನಾಗಿ ತೋರಿಸಬಹುದು. ಇಡೀ ಬ್ಯಾಂಡ್‌ನಲ್ಲಿ ಎಸ್‌ಡಬ್ಲ್ಯೂಆರ್ ಅನುಮಾನ ಬರುವಷ್ಟು ಸಪಾಟಾಗಿದ್ದರೆ ಖುಷಿಪಡಬೇಡಿ, ಕೇಬಲ್ಲಿನ ತುದಿಗೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರುವ ರೆಸಿಸ್ಟರ್) ಹಾಕಿ ಎರಡೂ ಕಡೆ ಪವರ್ ಅಳೆಯಿರಿ. ಎಸ್‌ಡಬ್ಲ್ಯೂಆರ್ ಎಲ್ಲೆಡೆ ವಿಪರೀತ ಹೆಚ್ಚಿದ್ದರೆ ಮಲ್ಟಿಮೀಟರ್ ಸಾಕು: ಮೇಲೆ ಹೇಳಿದ ಚೋಕ್ ಇರುವ ಡೈಪೋಲಿನಲ್ಲಿ ನಡುವಿನ ಪಿನ್ನಿಗೂ ಬ್ರೇಡಿಗೂ ಸಂಪರ್ಕ ಇರಬಾರದು. ಬೀಪ್ ಬಂದರೆ ಬಹುತೇಕ ಕನೆಕ್ಟರ್‌ನೊಳಗೆ ಬ್ರೇಡಿನ ಒಂದು ಎಳೆ ಪಿನ್ನಿಗೆ ತಾಗಿದೆ.

ಆರ್‌ಜಿ-58 ಬಗ್ಗೆ ಒಂದು ಮಾತು: 7 ಮೆಗಾಹರ್ಟ್ಸ್‌ನಲ್ಲಿ 20 ಮೀಟರಿಗೆ ನಷ್ಟ 1 ಡಿಬಿಗಿಂತ (ಡೆಸಿಬೆಲ್) ಕಡಿಮೆ. ಅದನ್ನೇ ವಿಎಚ್‌ಎಫ್‌ನ 145 ಮೆಗಾಹರ್ಟ್ಸ್‌ಗೆ ಬಳಸಿದರೆ ಸುಮಾರು 4 ಡಿಬಿ, 50 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು 20. ವಿಎಚ್‌ಎಫ್‌ಗೆ ದಪ್ಪನೆಯ ಆರ್‌ಜಿ-213 ಎಳೆಯಿರಿ.

ಗುಡುಗು ಕೇಳುವ ಮೊದಲೇ ಕೇಬಲ್ ಕಳಚಿ ಹೊರಗಿಡಿ. ಗೋಡೆ ದಾಟುವ ಜಾಗದಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕಿ, ದಪ್ಪ ತಂತಿಯಿಂದ ಅತಿ ಹತ್ತಿರದ ದಾರಿಯಲ್ಲಿ ಅರ್ತ್ ರಾಡಿಗೆ ಸೇರಿಸಿ, ಆ ರಾಡನ್ನು ಮನೆಯ ಅರ್ತ್‌ಗೂ ಜೋಡಿಸಿ. ನೇರವಾಗಿ ಬಡಿಯುವ ಸಿಡಿಲನ್ನು ಅರೆಸ್ಟರ್ ತಡೆಯುವುದಿಲ್ಲ, ಹತ್ತಿರದ ಸಿಡಿಲಿನಿಂದ ತಂತಿಯಲ್ಲಿ ಹುಟ್ಟುವ ಸರ್ಜ್‌ಗೆ ಮಾತ್ರ ಅದು.