ಮಧುಗಿರಿ ಬಂಡೆಯ ಮೇಲೆ ಕೈಕಾಲೂರಿ

ಕೊರಟಗೆರೆ ದಾಟಿ ಸ್ವಲ್ಪ ಹೋದರೆ ಮಧುಗಿರಿ ಬೆಟ್ಟ ಕಾಣಿಸುತ್ತದೆ. ಊರಿನ ಬೆನ್ನಿಗೆ ಎದ್ದು ನಿಂತ ಒಂದೇ ಬಂಡೆ. ಸಮುದ್ರ ಮಟ್ಟದಿಂದ 3,930 ಅಡಿ. ಏಷ್ಯಾದಲ್ಲಿ ಎಷ್ಟನೆಯ ದೊಡ್ಡ ಏಕಶಿಲೆ ಅನ್ನುವ ಲೆಕ್ಕ ಕೆಳಗೆ ನಿಂತು ಮಾತಾಡುವವರಿಗೆ. ಹತ್ತುವವರಿಗೆ ಮುಖ್ಯ ಆಗೋದು ಅದರ ಇಳಿಜಾರು ಮಾತ್ರ.

ಬೆಳಿಗ್ಗೆ ಬಿಸಿಲೇರುವ ಮೊದಲೇ ನಾನೂ ಗೆಳೆಯನೂ ಕೋಟೆ ಬಾಗಿಲು ಹೊಕ್ಕೆವು. ಮೊದಮೊದಲು ಸಲೀಸು. ಅಗಲವಾದ ಮೆಟ್ಟಿಲು, ಬಾಗಿಲ ಮೇಲೆ ಬಾಗಿಲು, ನಮ್ಮ ಚೀಲದ ಮೇಲೇ ಕಣ್ಣಿಟ್ಟ ಕೋತಿಗಳು. ಮಾತಾಡಿಕೊಂಡೇ ಹತ್ತಿದೆವು.

ಆಮೇಲೆ ಮಾತು ನಿಂತಿತು. ಮೆಟ್ಟಿಲು ಮುಗಿದು ಬರೀ ಬಂಡೆ. ಅದರ ಮೈಯಲ್ಲಿ ಸಾಲಾಗಿ ಕೊರೆದ ಗುಳಿಗಳು, ಅಷ್ಟೇ. ಕೆಲವು ಗುಳಿಗಳಲ್ಲಿ ಮುಂಗಾಲು ಮಾತ್ರ ಹಿಡಿಸುತ್ತದೆ. ಹಿಮ್ಮಡಿ ಗಾಳಿಯಲ್ಲೇ! ಎಷ್ಟೋ ಕಾಲಿನ ತುಳಿತಕ್ಕೆ ಅಂಚುಗಳೆಲ್ಲ ಸವೆದು ನುಣುಪಾಗಿವೆ. ಕಡಿದಾದ ಕಡೆ ಕಬ್ಬಿಣದ ಕಂಬಿ ಇದೆ, ಆದರೆ ಎಲ್ಲಾ ಕಡೆ ಇಲ್ಲ. ಕಂಬಿ ಇಲ್ಲದ ಕಡೆ ಎರಡೂ ಅಂಗೈ ಬಂಡೆಗೆ ಊರಿ, ಮೈ ಬಗ್ಗಿಸಿ ಹತ್ತಿದೆವು. ಗಾಳಿ ಬೇರೆ ಅಂಗಿ ಹಿಡಿದು ಎಳೆಯುತ್ತಿತ್ತು. ಹಿಂದಿರುಗಿ ನೋಡಿದ ಗೆಳೆಯ, "ಕೆಳಗೆ ನೋಡ್ಬೇಡ ಮಗಾ" ಅಂದ. ಹಾಗಂದ ಮೇಲೆ ನೋಡದೇ ಇರೋಕಾಗುತ್ತಾ? ಮಧುಗಿರಿ ಪೇಟೆಯ ಮನೆಗಳು ಬೆಂಕಿಪೊಟ್ಟಣದಷ್ಟಾಗಿದ್ದವು.

ಎದುರಿಗೆ ಊರಿನ ಹುಡುಗನೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಸರಸರ ಇಳಿದು ಬಂದ. "ಶೂ ಬಿಚ್ಚಿ ಅಣ್ಣ, ಬರಿಗಾಲಿಗೆ ಹಿಡಿತ ಜಾಸ್ತಿ" ಅಂದ. ಬಿಚ್ಚಿ ನೋಡಿದೆ. ನಿಜ.

ತುದಿಯಲ್ಲಿ ಗೋಪಾಲಕೃಷ್ಣ ಗುಡಿಯ ಪಾಳುಗೋಡೆಗಳಿವೆ. ಅದರ ಮೇಲೂ ಯಾರೋ ತಮ್ಮ ಹೆಸರು, ಪಕ್ಕದಲ್ಲೊಂದು ಹೃದಯ ಗೀಚಿಟ್ಟಿದ್ದಾರೆ. ಇಷ್ಟು ಕಷ್ಟಪಟ್ಟು ಹತ್ತಿ ಬಂದು ಮಾಡೋ ಕೆಲಸವಾ ಇದು?

ಗೋಡೆಯ ನೆರಳಲ್ಲಿ ಕೂತಾಗ ರಾಣಿ ವೀರಮ್ಮಾಜಿಯ ವಿಷಯ ಬಂತು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಕೆಳದಿಯ ಈ ರಾಣಿಯನ್ನು ಸೆರೆಯಲ್ಲಿಟ್ಟದ್ದು ಮಧುಗಿರಿಯಲ್ಲೇ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಅವಳಿಗೆ ಬಿಡುಗಡೆ ಆಯಿತು. ಪುಣೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳಂತೆ. ಮಲೆನಾಡಿನ ಮಳೆ, ಹಸಿರು ನೋಡಿಕೊಂಡಿದ್ದವಳಿಗೆ ಈ ಸುಡುಬಂಡೆಯ ಊರು ಹೇಗನಿಸಿತ್ತೋ. ನನಗೇನೋ ಬಿಡುಗಡೆಯಾದ ಮೇಲೂ ಮನೆ ಸೇರಲಿಲ್ಲವಲ್ಲ ಅನ್ನೋದೇ ಹೆಚ್ಚು ಸಂಕಟ.

ಹತ್ತುವುದಕ್ಕಿಂತ ಇಳಿಯೋದು ಕಷ್ಟ. ಕಡಿದಾದ ಕಡೆಯೆಲ್ಲ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ, ಕಾಲಲ್ಲೇ ಗುಳಿ ತಡಕಿ ಇಳಿದೆವು. ಅಷ್ಟರಲ್ಲಿ ಕಂಬಿ ಕಾದು ಕೈ ಚುರ್ ಅನ್ನುತ್ತಿತ್ತು. ಹೋಗುವವರು ಬೇಗ ಹೊರಡಿ, ನೀರು ಕೆಳಗಿಂದಲೇ ಹೊತ್ತುಕೊಳ್ಳಿ. ಮಳೆ ಹನಿದ ದಿನ ಮಾತ್ರ ಸುಮ್ನೆ ಪೇಟೆಯಲ್ಲಿರುವ ಮಲ್ಲೇಶ್ವರ, ವೆಂಕಟರಮಣ ಗುಡಿಗಳನ್ನು ನೋಡಿಕೊಂಡು ವಾಪಸ್ ಬನ್ನಿ. ಒದ್ದೆ ಬಂಡೆಯ ಮೇಲೆ ಬರಿಗಾಲೂ ನಿಲ್ಲೋದಿಲ್ಲ.