ಟ್ಯಾಂಕಿನ ತಳ ಅಳೆದೆ, ಬಾಯಿ ಅಳೆಯಲಿಲ್ಲ

ಸಮುದ್ರದ ಮೀನು, ಹವಳ ಸಾಕುವ ಅಕ್ವೇರಿಯಂಗೆ ಡ್ರೈ ರಾಕ್, ಅಂದರೆ ಒಣ ಕಲ್ಲು, ಜೋಡಿಸುವ ಕೆಲಸ ಮಾಡುವವರಲ್ಲಿ ಎರಡು ಪಂಗಡ. ಸೈಟಿನಲ್ಲೇ ಟ್ಯಾಂಕಿನೊಳಗೆ ಕೈ ಹಾಕಿ ಒಂದೊಂದೇ ಕಲ್ಲು ಜೋಡಿಸುವವರು ಒಂದು. ವರ್ಕ್‌ಶಾಪಿನಲ್ಲಿ ಪೂರ್ತಿ ಕಟ್ಟಿ, ಒಣಗಿಸಿ, ಎತ್ತಿಕೊಂಡು ಹೋಗಿ ಇಳಿಸುವವರು ಇನ್ನೊಂದು. ನಾನು ಎರಡನೇ ಪಂಗಡ, ಈಗಲೂ ಅಷ್ಟೇ. ಗಾಜಿನ ಪೆಟ್ಟಿಗೆಯೊಳಗೆ ತಲೆ ತೂರಿಸಿ ಗ್ಲೂ ವಾಸನೆ ಕುಡಿಯುವುದು ಯಾರಿಗೆ ಬೇಕು ಹೇಳಿ. ಆದರೆ ಬೆಂಗಳೂರಿನ ಔಟರ್ ರಿಂಗ್ ರಸ್ತೆಯ ಒಂದು ಆಫೀಸಿನ ಲಾಬಿಯಲ್ಲಿ ಅದನ್ನೇ ಮಾಡಬೇಕಾಗಿ ಬಂತು. ಅದೂ ಹತ್ತಾರು ಜನ ಕಾಫಿ ಹಿಡಿದುಕೊಂಡು ನೋಡುತ್ತಿರುವಾಗ.

ಟ್ಯಾಂಕ್ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಲೆಕ್ಕಕ್ಕೆ 566 ಲೀಟರ್, ಕಲ್ಲು ಮರಳು ಕಳೆದರೆ 500ರ ಆಸುಪಾಸು. ಕೆಳಗೆ ನೀರು ಶೋಧಿಸುವ ಸಂಪ್, ಪಕ್ಕದಲ್ಲಿ ನೀರು ತಂಪು ಮಾಡುವ ಚಿಲ್ಲರ್. ಕೊಟೇಶನ್ ಹೊತ್ತಿಗೇ ಅಲ್ಲಿನ ಅಡ್ಮಿನ್ ಮೇಡಂ ಕೇಳಿದ್ದರು: "ಡ್ರೈ ರಾಕ್ ಯಾಕೆ? ನೇತ್ರಾಣಿಗೆ ಡೈವಿಂಗ್ ಹೋದಾಗ ನೋಡಿದ್ದೀನಿ, ಎಂಥಾ ಬಣ್ಣದ ಕಲ್ಲುಗಳು. ಅಲ್ಲಿಂದಲೇ ನಾಲ್ಕು ತರಬಹುದಲ್ವಾ?" ತರುವ ಹಾಗಿಲ್ಲ. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸಮುದ್ರದಿಂದ ಹವಳದ ಕಲ್ಲು ಕಿತ್ತು ತಂದರೆ ಜೈಲು. ಮೇಡಂಗೆ ಇದನ್ನು ಹೇಳಿದ್ದು ನಾನು. ನಮ್ಮ ಸೇಲ್ಸ್‌ನವರು "ನೋಡೋಣ ಮೇಡಂ" ಅಂತ ಆಗಲೇ ತಲೆ ಆಡಿಸಿ ಬಂದಿದ್ದರು.

ಜಾಬ್ ಕಾರ್ಡಿನಲ್ಲಿ 'ರಿಮ್‌ಲೆಸ್' ಅಂತ ಬರೆದಿತ್ತು, ಅಂದರೆ ಮೇಲೆ ಪಟ್ಟಿ ಏನೂ ಇಲ್ಲದ, ಬಾಯಿ ಪೂರ್ತಿ ತೆರೆದ ಟ್ಯಾಂಕ್. ಅದನ್ನು ನಂಬಿಕೊಂಡು ವರ್ಕ್‌ಶಾಪಿನಲ್ಲಿ ನೆಲದ ಮೇಲೆ ರಟ್ಟು ಹಾಸಿ, ಟ್ಯಾಂಕಿನ ಒಳತಳವನ್ನು ಮಾರ್ಕರಿನಲ್ಲಿ ಬರೆದುಕೊಂಡೆ. ಸುತ್ತಲೂ ನಾಲ್ಕು ಇಂಚು ಬಿಟ್ಟು ಇನ್ನೊಂದು ಗೆರೆ. ಕಲ್ಲು ಆ ಗೆರೆ ದಾಟಬಾರದು. ದಾಟಿದರೆ ಗಾಜು ಒರೆಸುವ ಮ್ಯಾಗ್ನೆಟ್ ಸಿಕ್ಕಿಕೊಳ್ಳುತ್ತದೆ, ಮೇಂಟೆನೆನ್ಸ್ ಹುಡುಗರು ನಮಗೆ ಶಾಪ ಹಾಕುತ್ತಾರೆ. ಎತ್ತರ ನೀರಿನ ಮೂರನೇ ಎರಡು ಭಾಗದೊಳಗೆ. ಮೇಲೆ ಜಾಗ ಬಿಡದಿದ್ದರೆ ಮುಂದೆ ಬೆಳೆಯುವ ಹವಳಕ್ಕೆ ಜಾಗವೇ ಇರುವುದಿಲ್ಲ. ಈ ಲೆಕ್ಕವೆಲ್ಲ ಪಕ್ಕಾ ಇತ್ತು.

ಎಡಗಡೆಗೆ ಒಂದು ದೊಡ್ಡ ದ್ವೀಪ ಕಟ್ಟಿದೆ. 32 ಇಂಚು ಉದ್ದ, 14 ಇಂಚು ಅಗಲ, ಅದರಿಂದ ಹೊರಕ್ಕೆ ಚಾಚಿದ ಒಂದು ತೋಳು, ಕೆಳಗೆ ಗುಹೆ. ಡ್ರಿಲ್ ಹಾಕಿ ಒಳಗೆ ಫೈಬರ್ ರಾಡ್, ಮೇಲೆ ಮಾರ್ಟರ್. ಒಂದೇ ಪೀಸ್. ಸುಮಾರು 20 ಕೆಜಿ. ಅದರ ಫೋಟೋ ಗ್ರೂಪಿಗೆ ಹಾಕಿದಾಗ ಬಾಸ್ ಕೂಡ ಹೆಬ್ಬೆರಳು ಎತ್ತಿದ್ದರು. ಅವರು ಹೆಬ್ಬೆರಳು ಎತ್ತುವುದೇ ಅಪರೂಪ, ನನಗೆ ಅಲ್ಲೇ ತಲೆ ತಿರುಗಿತ್ತು.

ಸೈಟಿಗೆ ಹೋಗಿ ನೋಡಿದರೆ ಟ್ಯಾಂಕಿನ ಮೇಲೆ ಸುತ್ತಲೂ 3 ಇಂಚಿನ ಯೂರೋ ಬ್ರೇಸ್, ಅಂದರೆ ಅಂಚಿಗೆ ಬಲ ಕೊಡಲು ಒಳಮುಖವಾಗಿ ಅಂಟಿಸಿದ ಗಾಜಿನ ಪಟ್ಟಿ. ನಡುವೆ ಅಡ್ಡಕ್ಕೆ 6 ಇಂಚಿನ ಇನ್ನೊಂದು ಪಟ್ಟಿ, ಕ್ರಾಸ್ ಬ್ರೇಸ್. ಫ್ಯಾಬ್ರಿಕೇಟರ್ ಗಾಜಿನ ದಪ್ಪ ಕಡಿಮೆ ಮಾಡಿ ಬ್ರೇಸ್ ಹಾಕಿದ್ದ. ಆಫೀಸಿಗೆ ಹೇಳಿಯೇ ಮಾಡಿದ್ದ. ಆಫೀಸು ನಮಗೆ ಹೇಳಿರಲಿಲ್ಲ. ಎರಡು ಅಡಿ ಅಗಲದ ಟ್ಯಾಂಕಿಗೆ ಉಳಿದದ್ದು 17 ಇಂಚು ಅಗಲ, 23 ಇಂಚು ಚಿಲ್ಲರೆ ಉದ್ದದ ಎರಡು ಬಾಯಿ. ನಾನು ಕಟ್ಟಿಕೊಂಡು ಹೋದದ್ದು 32 ಇಂಚಿನ ಕಲ್ಲು. ಬಾಗಿಲು ನೋಡದೆ ಮಂಚ ಮಾಡಿಸಿದವನ ಪಾಡು.

ಆಗಲೇ ಕಲ್ಲನ್ನು ಕೆಳಗಿಟ್ಟು ಯೋಚಿಸಬೇಕಿತ್ತು. ಅದರ ಬದಲು "ಓರೆ ಮಾಡಿದರೆ ಇಳಿಯುತ್ತೆ ಬಾ" ಅಂದೆ.

ಒಂದು ತುದಿ ಕೆಳಗೆ ಮಾಡಿ ಇಳಿಸಿದೆವು. ಅರ್ಧ ಇಳಿಯಿತು. ಇಳಿದದ್ದೇ ತೊಂದರೆ ಆಯಿತು. ಆ ಚಾಚಿದ ತೋಳು ಕ್ರಾಸ್ ಬ್ರೇಸಿಗೆ ತಾಗಿ ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಏಣಿಯ ಮೇಲೆ ನಾನು ಒಂದು ಕಡೆ, ಹೆಲ್ಪರ್ ಹುಡುಗ ಇನ್ನೊಂದು ಕಡೆ. ನಾಲ್ಕೂ ಕೈ ಕಲ್ಲಿನ ಮೇಲೆ. ಗ್ಲೌಸ್ ಒಳಗೆ ಬೆವರು. ಸ್ವಲ್ಪ ತಿರುಗಿಸಿದೆ. 'ಟಿಕ್' ಅಂತ ಒಂದು ಸದ್ದು.

ಗಾಜಿನ ಕೆಲಸ ಮಾಡಿದವರಿಗೆ ಗೊತ್ತು, ಆ ಸದ್ದು ಕೇಳಿದ ಮೇಲೆ ಉಸಿರು ಬಿಡಲೂ ಭಯ. "ಅಣ್ಣಾ, ಬ್ರೇಸಾ?" ಅಂದ ಹುಡುಗ. ಬಗ್ಗಿ ನೋಡೋಣ ಅಂದರೆ ಕೈ ಬಿಡುವ ಹಾಗಿಲ್ಲ. ಕೈ ಬಿಟ್ಟರೆ 20 ಕೆಜಿ ಕಲ್ಲು ಬರಿಗಾಜಿನ ತಳಕ್ಕೆ. ಮರಳು ಇನ್ನೂ ಹಾಕಿರಲಿಲ್ಲ, ಕಲ್ಲು ತಳದ ಮೇಲೇ ಕೂರಬೇಕು ಅನ್ನುವುದು ನಮ್ಮ ನಿಯಮ. ಮರಳಿನ ಮೇಲೆ ಕೂರಿಸಿದರೆ ಗೋಬಿ ಮೀನು, ಪಿಸ್ತೂಲ್ ಸಿಗಡಿ ಬುಡ ತೋಡಿ ಬೀಳಿಸುತ್ತವೆ. ನಿಯಮ ಸರಿಯೇ. ಆ ಹೊತ್ತಿನಲ್ಲಿ ಮಾತ್ರ ತಳದಲ್ಲಿ ಒಂದು ರಬ್ಬರ್ ಮ್ಯಾಟಾದರೂ ಇರಬಾರದಿತ್ತಾ ಅನಿಸಿತು.

ಕೊನೆಗೆ ಸೆಕ್ಯುರಿಟಿಯವರು ಮೊಬೈಲ್ ಟಾರ್ಚ್ ಹಿಡಿದು ಕೆಳಗಿಂದ ನೋಡಿದರು. "ಗಾಜು ಚೆನ್ನಾಗಿದೆ ಸಾರ್, ಕಲ್ಲಿನ ಚೂರು ಬಿದ್ದಿದೆ." ನಮ್ಮ ಕಲ್ಲು ಅರಾಗೊನೈಟ್, ಗಾಜಿಗಿಂತ ಮೆದು, ಗೀರು ಕೂಡ ಬಿದ್ದಿರಲಿಲ್ಲ. ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ಮ್ಯಾನೇಜರ್ ಫೋನು, ಹುಡುಗನ ಜೇಬಿನಲ್ಲಿ. ಒಂದು ಸಲವಲ್ಲ, ಬಿಡದೆ. ಆಮೇಲೆ ಗೊತ್ತಾಯಿತು, ಮೀನು ಯಾವಾಗ ಬಿಡುತ್ತೀರಿ ಅಂತ ಕೇಳಲು.

ಹೇಗೋ ಇಂಚಿಂಚಾಗಿ ಹಿಂದಕ್ಕೆ ತೆಗೆದೆವು. ರಟ್ಟಿನ ಮೇಲೆ ಮಲಗಿಸಿ, ಚಾಣ ಇಟ್ಟು ಜಾಯಿಂಟ್ ಬಿಡಿಸಲು ಹೊಡೆದೆ. ಜಾಯಿಂಟ್ ಜಪ್ಪಯ್ಯ ಅನ್ನಲಿಲ್ಲ, ಪಕ್ಕದ ಕಲ್ಲು ಒಡೆಯಿತು. ಮಾರ್ಟರ್ ಕೆಲಸ ಅಷ್ಟು ಗಟ್ಟಿ ಮಾಡಿದ್ದಕ್ಕೆ ಮೊದಲ ಸಲ ಬೇಜಾರಾಯಿತು. ಉಳಿದ ರಾಡನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಮೂರು ತುಂಡು ಮಾಡಿ ಒಳಗಿಳಿಸಿದೆವು. ಆಮೇಲೆ ನಾನು ಜೀವಮಾನವಿಡೀ ಬೈದುಕೊಂಡು ಬಂದ ಕೆಲಸ: ಬಾಯಿಯೊಳಗೆ ತಲೆ, ಎರಡೂ ಕೈ.

ಸೂಪರ್ ಗ್ಲೂ ಜೆಲ್ ಎರಡೂ ಮುಖಕ್ಕೆ ಹಚ್ಚಿ, ಒತ್ತಿ ಹಿಡಿದು, ಸಂದಿಗೆ ಕಲ್ಲಿನ ಪುಡಿ ಉದುರಿಸಿದರೆ ಸಾಕು. ಕಣ್ಣೆದುರೇ ಗಟ್ಟಿಯಾಗುತ್ತದೆ, ಕೈಗೆ ಬಿಸಿ ತಾಗುತ್ತದೆ. ದೊಡ್ಡ ಸಂದಿ ತುಂಬಲು ಪುಡಿ ಸಾಲದೆ ಹುಡುಗ ಹತ್ತಿ ತುರುಕಿ ಅದರ ಮೇಲೆ ತೆಳು ಗ್ಲೂ ಸುರಿದ. ಸುರಿದದ್ದು ಜಾಸ್ತಿಯೇ ಆಯಿತು. ಹತ್ತಿಗೆ ಸೂಪರ್ ಗ್ಲೂ ಬಿದ್ದರೆ ಹೊಗೆ ಏಳುವಷ್ಟು ಬಿಸಿಯಾಗುತ್ತದೆ. ಅದಕ್ಕೇ ಈ ಕೆಲಸಕ್ಕೆ ಹತ್ತಿಯ ಗ್ಲೌಸ್ ಹಾಕಬಾರದು. ಬಿಳಿ ಹೊಗೆ ಟ್ಯಾಂಕಿನ ಬಾಯಿಂದ ಮೇಲೆದ್ದಿತು. ನನ್ನ ಕಣ್ಣಲ್ಲಿ ಧಾರಾಕಾರ ನೀರು. ಸೆಕ್ಯುರಿಟಿಯವರು ಸೀಲಿಂಗಿನ ಸ್ಮೋಕ್ ಡಿಟೆಕ್ಟರ್ ನೋಡಿದರು. ನಾನೂ ನೋಡಿದೆ. ಅದು ಕೂಗಲಿಲ್ಲ. ಕೂಗಿದ್ದರೆ ಇಡೀ ಬಿಲ್ಡಿಂಗ್ ಕೆಳಗಿಳಿದು ಬಂದು ಪಾರ್ಕಿಂಗಿನಲ್ಲಿ ನಿಲ್ಲುತ್ತಿತ್ತು, ಮಾರನೇ ದಿನ ನಾನು ಬೇರೆ ಕೆಲಸ ಹುಡುಕುತ್ತಿದ್ದೆ.

ಒಡೆದ ತೋಳು ಮತ್ತೆ ಪೂರ್ತಿ ಕೂರಲಿಲ್ಲ, ಒಂದು ಗೇಣು ಗಿಡ್ಡವಾಯಿತು. ಉಳಿದ ತುಂಡನ್ನು ಬಲಗಡೆ ಸಣ್ಣ ದ್ವೀಪ ಮಾಡಿ ನಿಲ್ಲಿಸಿದೆ. ನಡುವೆ ಖಾಲಿ ಜಾಗ. ಮೇಡಂ ಸಂಜೆ ಬಂದು "ಈ ಗ್ಯಾಪ್ ತುಂಬಾ ಚೆನ್ನಾಗಿದೆ, ಮೊದಲಿನ ಫೋಟೋಗಿಂತ ಇದೇ ವಾಸಿ" ಅಂದರು. ನೀರಿನ ಹರಿವಿಗೋಸ್ಕರ ಬಿಟ್ಟಿದ್ದು ಅಂದೆ. ಸುಳ್ಳೇನಲ್ಲ, ವೇವ್‌ಮೇಕರ್ ಪಂಪು ತಳ್ಳುವ ನೀರು ಈಗ ಕಲ್ಲಿನ ಹಿಂದಿನವರೆಗೂ ಹೋಗುತ್ತದೆ, ಕಸ ಕೂರುವುದಿಲ್ಲ. ಹುಡುಗ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ.

ಅಂದಿನಿಂದ ದೊಡ್ಡ ಪೀಸ್ ಯಾವುದಿದ್ದರೂ ವರ್ಕ್‌ಶಾಪಿನಲ್ಲೇ ಬೇರೆ ಮಾಡುವ ಹಾಗೆ ಕಟ್ಟುತ್ತೇನೆ. ಕೆಳಗಿನ ಕಲ್ಲಿನಲ್ಲಿ ರಾಡ್ ನಿಂತಿರುತ್ತದೆ, ಮೇಲಿನದರಲ್ಲಿ ತೂತು. ಸೈಟಿನಲ್ಲಿ ಕೂರಿಸಿದರೆ ಆಯಿತು, ಗ್ಲೂ ಒಂದು ತೊಟ್ಟು. ತಳದ ರಟ್ಟಿನ ಜೊತೆಗೆ ಬಾಯಿಯ ಅಳತೆಗೆ ಇನ್ನೊಂದು ರಟ್ಟು ಕತ್ತರಿಸಿ, ಅದರ ಕಂಡಿಯಲ್ಲಿ ಪ್ರತಿ ತುಂಡನ್ನೂ ತೂರಿಸಿ ನೋಡದೆ ಗಾಡಿಗೆ ಹಾಕುವುದಿಲ್ಲ.

ಮೀನಿನ ವಿಷಯ ಹೇಳಲೇಬೇಕು. ಡ್ರೈ ರಾಕ್ ಅಂದರೆ ಸತ್ತ ಕಲ್ಲು, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲ. ಆ ಬ್ಯಾಕ್ಟೀರಿಯಾ ಬೆಳೆದು, ಮೀನಿಗೆ ವಿಷವಾದ ಅಮೋನಿಯಾ ನೈಟ್ರೈಟಾಗಿ, ನೈಟ್ರೈಟ್ ನೈಟ್ರೇಟಾಗಿ ಸೈಕಲ್ ಮುಗಿಯಲು ನಾಲ್ಕಾರು ವಾರ ಬೇಕು, ಮೀನು ಬಿಡುವುದು ಆಮೇಲೆ. ಸೇಲ್ಸ್‌ನವರು ಹೇಳಿದ್ದು ಒಂದು ವಾರ. ಅದರ ಮೇಲೆ ಡಯಾಟಮ್ ಅನ್ನುವ ಕಂದು ಪಾಚಿ ಬಂದು ಬಿಳಿ ಕಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿತು. "ಕಲ್ಲಿಗೆ ತುಕ್ಕು ಹಿಡಿದಿದೆ, ಬದಲಾಯಿಸಿ ಕೊಡಿ" ಅಂತ ಕಂಪ್ಲೇಂಟ್. ಟಿಕೆಟ್ ನನ್ನ ಹೆಸರಿಗೇ. ಡಯಾಟಮ್ ತಾನಾಗಿ ಹೋಯಿತು, ಟಿಕೆಟ್ ಮುಚ್ಚಿಸಲು ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಜಾಬ್ ಕಾರ್ಡಿನಲ್ಲಿ 'ಬಾಯಿಯ ಅಳತೆ' ಅಂತ ಹೊಸ ಕಾಲಂ ಹಾಕಿಸಲು ಮೀಟಿಂಗಿನಲ್ಲಿ ಕಾಡಿದೆ, ಹಾಕಿದರು. ಮೊನ್ನೆ ಬಂದ ಕಾರ್ಡಿನಲ್ಲಿ ಆ ಕಾಲಂ ಎದುರು ಸೇಲ್ಸ್‌ನವರು ತುಂಬಿಸಿದ್ದು: 'ಸ್ಟ್ಯಾಂಡರ್ಡ್'.