ವಾಟ್ ಎಷ್ಟು ಎಂದು ಕೇಳುವ ಮೊದಲು

ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಾರಿಗೆ ಸಬ್‌ವೂಫರ್ (ಬೇಸ್ ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರ್) ಹಾಕಿಸಬೇಕೆಂದು ಕಳೆದ ವರ್ಷ ಎರಡು ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಹೋದಲ್ಲೆಲ್ಲ ಎದುರಾದ ಮೊದಲ ಪ್ರಶ್ನೆ ಒಂದೇ: "ಎಷ್ಟು ವಾಟ್‌ದು ಬೇಕು ಸಾರ್?" ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಸಾವಿರ, ಎರಡು ಸಾವಿರ ವಾಟ್‌ಗಳು ಆ ಸ್ಪೀಕರ್ ಹೊರಡಿಸುವ ಸದ್ದಿನ ಅಳತೆಯಲ್ಲ, ಅದು ಸುಟ್ಟುಹೋಗದೆ ತಾಳಿಕೊಳ್ಳಬಲ್ಲ ವಿದ್ಯುತ್ತಿನ ಅಳತೆ. ಅದೂ ಬಹುತೇಕ ಕ್ಷಣಮಾತ್ರದ ಪೀಕ್ ಅಂಕಿಯಾಗಿದ್ದು, ನಂಬಬಹುದಾದ, ಎಡೆಬಿಡದೆ ತಾಳುವ ವಿದ್ಯುತ್ತನ್ನು ಹೇಳುವ ಆರ್‌ಎಂಎಸ್ ಅಂಕಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಎತ್ತು ಎಷ್ಟು ಹುಲ್ಲು ತಿನ್ನುತ್ತದೆಂದು ನೋಡಿ ಅದು ಎಷ್ಟು ಹೊಲ ಉಳುತ್ತದೆಂದು ಹೇಳಿದ ಹಾಗೆ.

ಕೇಳಬೇಕಾದದ್ದು ಸೆನ್ಸಿಟಿವಿಟಿ ಎಷ್ಟೆಂದು, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂದು. ವಿದ್ಯುತ್ತನ್ನು ಇಮ್ಮಡಿಗೊಳಿಸಿದರೆ ಸಿಗುವುದು ಕೇವಲ 3 ಡೆಸಿಬಲ್. ಕಿವಿಗೆ ಸದ್ದು ಎರಡರಷ್ಟಾದಂತೆ ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತುಪಟ್ಟು ವಿದ್ಯುತ್ತು ಬೇಕು. ಹಾಗಾಗಿ 84 ಡೆಸಿಬಲ್‌ನ ಸ್ಪೀಕರ್‌ಗೆ 800 ವಾಟ್ ಸುರಿದು ಪಡೆಯುವ ಸದ್ದನ್ನು 90 ಡೆಸಿಬಲ್‌ನದು 200 ವಾಟ್‌ನಲ್ಲೇ ಕೊಡುತ್ತದೆ. ಈ ಅಂಕಿಯಲ್ಲೂ ಒಂದು ಕೈಚಳಕವಿದೆ: ಕೆಲವರು ಒಂದು ವಾಟ್‌ನ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. ಎಂಟು ಓಮ್‌ನ ಸ್ಪೀಕರ್‌ಗೆ ಅದು ಒಂದೇ ವಾಟ್, ಆದರೆ ಎರಡು ಓಮ್‌ನದಕ್ಕೆ ನಾಲ್ಕು ವಾಟ್. 6 ಡೆಸಿಬಲ್ ಪುಕ್ಕಟೆಯಾಗಿ ಸೇರಿಬಿಡುತ್ತದೆ.

ಮನೆಯಲ್ಲಾದರೆ 800 ಮತ್ತು 200 ವಾಟ್‌ಗಳ ಈ ವ್ಯತ್ಯಾಸವನ್ನು ಹೇಗೋ ಸಹಿಸಬಹುದು. ಕಾರಿನಲ್ಲಿ ವಿದ್ಯುತ್ತೆಲ್ಲ ಬರಬೇಕಾದದ್ದು ಎಂಜಿನ್ ತಿರುಗಿಸುವ ವಿದ್ಯುತ್ ಯಂತ್ರವಾದ ಆಲ್ಟರ್ನೇಟರ್‌ನಿಂದ. ಶೇ. 80ರಷ್ಟು ದಕ್ಷತೆಯ ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರ್ ಕೂಡ 800 ವಾಟ್ ಹೊರಗೆ ಕೊಡಲು ಸಾವಿರ ವಾಟ್ ಎಳೆಯುತ್ತದೆ, ಅಂದರೆ 70 ಆಂಪಿಯರ್‌ಗೂ ಹೆಚ್ಚು. ಹಾಡಿನ ಉದ್ದಕ್ಕೂ ಇಷ್ಟು ಬೇಕಾಗುವುದಿಲ್ಲ ನಿಜ, ಆದರೆ ಡೋಲಿನ ಪ್ರತಿ ಏಟಿಗೂ ಬೇಕು. ಗೆಳೆಯನೊಬ್ಬನ ಕಾರಿನಲ್ಲಿ ರಾತ್ರಿ ಹೊತ್ತು ತಾಳಕ್ಕೆ ಸರಿಯಾಗಿ ಹೆಡ್‌ಲೈಟ್ ಮಂಕಾಗಿ ಬೆಳಗುವುದನ್ನು ಮುಂದಿನ ಗೋಡೆಯ ಮೇಲೆ ನಾನೇ ನೋಡಿದ್ದೇನೆ. ಅದೇ ಕಾರಿನಲ್ಲಿ ಅರ್ಧ ಗಂಟೆಯ ಬಳಿಕ ಡಿಕ್ಕಿಯಿಂದ ವಾರ್ನಿಷ್ ಕಮರಿದ ವಾಸನೆ ಬಂತು; ಸ್ಪೀಕರ್‌ನ ಕೋನನ್ನು ಅಲುಗಿಸುವ ತಾಮ್ರದ ತಂತಿಯ ಸುರುಳಿ, ವಾಯ್ಸ್ ಕಾಯಿಲ್, ಕಾದಿತ್ತು. ತಾಮ್ರದ ಉಷ್ಣತೆ ನೂರು ಡಿಗ್ರಿ ಏರಿದರೆ ಅದರ ರೋಧ ಸುಮಾರು ಶೇ. 40ರಷ್ಟು ಹೆಚ್ಚುವುದರಿಂದ, ಆಂಪ್ಲಿಫೈಯರ್‌ನ ವಾಲ್ಯೂಮ್ ಅಷ್ಟೇ ಇದ್ದರೂ ಸ್ಪೀಕರ್‌ಗೆ ಇಳಿಯುವ ವಿದ್ಯುತ್ತು ಕಡಿಮೆಯಾಗುತ್ತದೆ.

ಹಾಗಿದ್ದರೆ ಹೆಚ್ಚು ವಾಟ್‌ನವನ್ನು ಯಾರಾದರೂ ಏಕೆ ತಯಾರಿಸುತ್ತಾರೆ? ಜಾಗಕ್ಕಾಗಿ. ಅಮೆರಿಕದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ, ಆ ಹೆಸರಿನ "ಎಚ್" ಆದ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಬೇಸ್, ಹೆಚ್ಚಿನ ದಕ್ಷತೆ (ಅಂದರೆ ಸೆನ್ಸಿಟಿವಿಟಿ) ಇವುಗಳಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. ದಕ್ಷತೆ ಕಳೆದುಕೊಳ್ಳದೆ ಬೇಸ್ 60 ಹರ್ಟ್ಸ್‌ನಿಂದ (ಸೆಕೆಂಡಿಗೆ 60 ಕಂಪನ) 30ಕ್ಕೆ ಇಳಿಯಬೇಕೆಂದರೆ ಪೆಟ್ಟಿಗೆ ಎಂಟುಪಟ್ಟು ದೊಡ್ಡದಾಗಬೇಕು. ಭಾರವಾದ ಕೋನ್ ಇರುವ ಹೆಚ್ಚು ವಾಟ್‌ನ ಸಬ್‌ವೂಫರ್ ಪುಟ್ಟ ಪೆಟ್ಟಿಗೆಯಲ್ಲಿ ಕೂತು ಆಳಕ್ಕೆ ಇಳಿಯುತ್ತದೆ, ಬಿಲ್ಲನ್ನು ಮಾತ್ರ ಆಲ್ಟರ್ನೇಟರ್‌ಗೆ ಕಳಿಸುತ್ತದೆ. ಡಿಕ್ಕಿಯನ್ನು ಬಿಟ್ಟುಕೊಡಲಾಗದ ಸಂಸಾರಸ್ಥರಿಗೆ ಅದು ತಪ್ಪು ಆಯ್ಕೆಯೇನಲ್ಲ. ಆದರೆ ಅಂಥವರು ಆಂಪ್ಲಿಫೈಯರ್‌ಗೆ, ದಪ್ಪ ತಾಮ್ರದ ವೈರ್‌ಗೆ, ಬೇಕಿದ್ದರೆ ಆಲ್ಟರ್ನೇಟರ್‌ಗೂ ಹಣ ಎತ್ತಿಡಬೇಕು.

ನನ್ನ ಲೆಕ್ಕವನ್ನು ತಿರುಗಿಸಿದ್ದು ಕಾರೇ. ಒಳಗಿನ ಜಾಗ ಚಿಕ್ಕದಾದ್ದರಿಂದ ಸುಮಾರು 60 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಕಾರು ತಾನೇ ಒತ್ತಾಸೆ ಕೊಡುತ್ತದೆ. ದಕ್ಷ ಸ್ಪೀಕರ್ ಎಡವುವುದೂ ಸರಿಯಾಗಿ ಅಲ್ಲೇ. ಆದ್ದರಿಂದ ಸೆನ್ಸಿಟಿವಿಟಿ ಹೆಚ್ಚಿರುವ ಹನ್ನೆರಡು ಇಂಚಿನದನ್ನು ಆರಿಸಿ, 18 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯಲ್ಲಿ, ಗಾಳಿಯಾಡುವ ಕೊಳವೆ ಅಂದರೆ ಪೋರ್ಟ್ ಇರುವ 55 ಲೀಟರಿನ ಪೆಟ್ಟಿಗೆ ಮಾಡಿಸಿ, 250 ವಾಟ್‌ನ ಆಂಪ್ಲಿಫೈಯರ್‌ಗೆ ಜೋಡಿಸಿದೆ. ಹೆಡ್‌ಲೈಟ್ ಮಿಸುಕುವುದಿಲ್ಲ, ಮೃದಂಗದ ಎಡಭಾಗದ ಗುಂಕಾರ ಬೆನ್ನಿಗೆ ತಾಕುತ್ತದೆ. ತೊಂದರೆಯೆಂದರೆ ಪೆಟ್ಟಿಗೆ ಕೂತಿರುವುದು ಸ್ಟೆಪ್ನಿಯ ಮೇಲೆ. ಹೋದ ತಿಂಗಳು ತುಮಕೂರು ರಸ್ತೆಯಲ್ಲಿ ಟೈರ್ ಪಂಕ್ಚರ್ ಆದಾಗ, ಆ ಪೆಟ್ಟಿಗೆಯನ್ನು ಇಳಿಸಲು ಪಕ್ಕದ ಎಳನೀರು ಅಂಗಡಿಯವರನ್ನು ಕರೆಯಬೇಕಾಯಿತು.